ಆ ದೂರಿನ ಕೆಳಗೆ ನನ್ನ ಹೆಸರೂ ಇದೆ

ಸಿಂಗಪುರದಲ್ಲಿ ನಮ್ಮ ಅಕ್ಕಪಕ್ಕದ ಬ್ಲಾಕುಗಳಲ್ಲಿರುವ ಹದಿನಾಲ್ಕು ಕನ್ನಡ ಮನೆಗಳ ಅಕ್ಕಂದಿರಿಗೆ, ಅಣ್ಣಂದಿರಿಗೆ, ನಮಸ್ಕಾರ.

ಈ ಮಾತನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲೇ ಹೇಳಬಹುದಿತ್ತು. ಎರಡು ಸಲ ಹೇಳಿಯೂ ನೋಡಿದೆ. ಮೊದಲ ಸಲ ಹತ್ತೇ ನಿಮಿಷದಲ್ಲಿ ಅದರ ಕೆಳಗೆ ಚಕ್ಕುಲಿ ಆರ್ಡರ್ ಶುರುವಾಯಿತು. ಎರಡನೇ ಸಲ ಯಾರೋ ಕೈಮುಗಿಯುವ ಚಿತ್ರ ಹಾಕಿದರು, ಅಲ್ಲಿಗೆ ಮುಗಿಯಿತು. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ. ನನ್ನ ತಪ್ಪನ್ನು ಮಾತ್ರ ಬಿಚ್ಚಿ ಹೇಳುತ್ತೇನೆ. ಅದರಲ್ಲಿ ನಿಮ್ಮ ಪಾಲೂ ಇದ್ದರೆ ಅದು ನಿಮಗೇ ಗೊತ್ತಾಗುತ್ತದೆ.

ವಿಷಯ, ನಮ್ಮ ಬ್ಲಾಕುಗಳ ಆವರಣ ನೋಡಿಕೊಳ್ಳುವ ಟೌನ್ ಕೌನ್ಸಿಲ್‌ಗೆ ನಾವು ಕಳಿಸಿದ ದೂರು.

ಹೊರಗಿನ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕು. ಇಲ್ಲಿ ಚೀನೀ ಪಂಚಾಂಗದ ಏಳನೇ ತಿಂಗಳು ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಆ ತಿಂಗಳು ಸತ್ತವರ ಲೋಕದ ಬಾಗಿಲು ತೆರೆಯುತ್ತದೆ, ಅವರೆಲ್ಲ ಹಸಿದು ಬರುತ್ತಾರೆ ಎಂದು ನಂಬಿಕೆ. ಮನೆಯವರು ಕೆಳಗಿಳಿದು ಬಂದು ಕಿತ್ತಳೆ, ಅನ್ನ, ಟೀ ಇಟ್ಟು, ಊದುಕಡ್ಡಿ ಹಚ್ಚಿ, ಕಾಗದದ ನೋಟುಗಳನ್ನು ಸುಡುತ್ತಾರೆ. ನೋಟಷ್ಟೇ ಅಲ್ಲ, ಕಾಗದದ ಶರ್ಟು, ಚಪ್ಪಲಿ, ಫೋನು ಕೂಡ ಸಿಗುತ್ತವೆ. ಸುಡಲಿಕ್ಕೆ ಅಂತಲೇ ಟೌನ್ ಕೌನ್ಸಿಲ್‌ನವರು ಬ್ಲಾಕುಗಳ ಹತ್ತಿರ ದೊಡ್ಡ ಲೋಹದ ಡಬ್ಬಗಳನ್ನು ಇಡುತ್ತಾರೆ. ಕೆಲವು ಕಡೆ ಗೇತಾಯ್ ಅಂತ ಹಾಡು-ಕುಣಿತದ ವೇದಿಕೆ ಹಾಕುತ್ತಾರೆ. ಅದರ ಮೊದಲ ಸಾಲಿನ ಕುರ್ಚಿಗಳು ಖಾಲಿ. ಅವು ಕಾಣದ ಅತಿಥಿಗಳಿಗೆ ಮೀಸಲು. ನಾನು ಬಂದ ಹೊಸದರಲ್ಲಿ, ಒಳ್ಳೆ ಜಾಗ ಸಿಕ್ತು ಅಂತ ಹೋಗಿ ಅಲ್ಲೇ ಕೂತಿದ್ದೆ! ಒಬ್ಬರು ತಾತ ಬಂದು ನಗುತ್ತಾ ನನ್ನನ್ನು ಎರಡನೇ ಸಾಲಿಗೆ ಕಳಿಸಿದರು.

ಈ ವರ್ಷ ಏಳನೇ ತಿಂಗಳು ಶುರುವಾದ ಮೊದಲ ವಾರವೇ ನಮ್ಮ ಗುಂಪಿನಲ್ಲಿ ಒಂದು ಪತ್ರದ ಕರಡು ಬಂತು. ಹೊಗೆಯಿಂದ ಮಕ್ಕಳಿಗೆ ಕೆಮ್ಮು, ಬೂದಿ ಹಾರಿ ಬಟ್ಟೆ ಹಾಳು, ಆದ್ದರಿಂದ ಬ್ಲಾಕುಗಳ ಹತ್ತಿರ ಸುಡುವುದನ್ನು ಪೂರ್ತಿ ನಿಲ್ಲಿಸಿ ಎಂದು ಅದರಲ್ಲಿತ್ತು. ಯಾರೋ ಇನ್ನೊಂದು ಪ್ಯಾರಾ ಸೇರಿಸಿದರು: ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಮಲಯರ ಮದುವೆಗಳ ಸದ್ದು ಜಾಸ್ತಿಯಾಗಿದೆ, ಚೀನೀಯರ ಸಾವಿನ ಕಾರ್ಯ ದಿನಗಟ್ಟಲೆ ನಡೆಯುತ್ತದೆ, ಇವಕ್ಕೂ ಕಡಿವಾಣ ಹಾಕಿ. ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಮನೆಯವರು ಹೆಸರು ಸೇರಿಸಿದೆವು. ನಾನು ಸೇರಿಸಿದ್ದು ರಾತ್ರಿ ಹತ್ತೂವರೆಗೆ, ಹಾಸಿಗೆಯಲ್ಲಿ ಮಲಗಿಕೊಂಡು, ಎರಡನೇ ಪ್ಯಾರಾ ಪೂರ್ತಿ ಓದದೆ. ಅವತ್ತು ಮಗಳು ಕೆಮ್ಮುತ್ತಿದ್ದಳು. ಅದು ನಿಜ. ಆದರೆ ಆ ಕೆಮ್ಮು ಶಾಲೆಯಿಂದ ತಂದ ನೆಗಡಿಯದ್ದು, ಅದೂ ನಿಜ.

ಮುಂದಿನ ವಾರ ಲಿಫ್ಟಿನ ಪಕ್ಕ ಒಂದು ಸೂಚನೆ ಅಂಟಿಸಿದರು. ಕೆಲವು ನಿವಾಸಿಗಳು ದೂರು ಕೊಟ್ಟಿದ್ದಾರೆ, ಇಟ್ಟಿರುವ ಡಬ್ಬಗಳಲ್ಲೇ ಸುಡಿ, ನೆರೆಯವರ ಬಗ್ಗೆ ಗಮನವಿರಲಿ, ಹೀಗೆ. ಸಭ್ಯವಾದ ಸೂಚನೆಯೇ. ಅದನ್ನು ಓದುತ್ತಾ ನಮ್ಮ ಎದುರು ಮನೆಯ ಆಂಟಿ ನಿಂತಿದ್ದರು. ನಾನು ಬಂದಿದ್ದು ನೋಡಿ, "ಗರ್ಲ್, ಯಾರು ಬರೆದಿರಬಹುದು?" ಅಂದರು.

"ಗೊತ್ತಿಲ್ಲ ಆಂಟಿ" ಅಂದೆ.

ಲಿಫ್ಟ್ ನಾಲ್ಕನೇ ಮಹಡಿಗೆ ಬರಲು ಎಷ್ಟು ಹೊತ್ತು ಬೇಕು? ಅವತ್ತು ಬಹಳ ಹೊತ್ತು ಹಿಡಿಯಿತು.

ಈ ಆಂಟಿ ಯಾರು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಾವು ಈ ಮನೆಗೆ ಬಂದಿದ್ದು 2020ರ ಆರಂಭದಲ್ಲಿ. ಅಂದಿನಿಂದ ಪ್ರತಿ ಏಳನೇ ತಿಂಗಳೂ ಅವರು ಸುಡಲು ಇಳಿಯುವ ಮುಂಚೆ ನಮ್ಮ ಕಡೆಯ ನಾಲ್ಕೂ ಮನೆಗಳ ಬಾಗಿಲು ಬಡಿಯುತ್ತಿದ್ದರು. "ಗರ್ಲ್, ಬಟ್ಟೆ ಒಳಗೆ ತಗೋ ಲಾ." ನಾನು ಕಿಟಕಿಯಾಚೆ ಚಾಚಿದ ಬಿದಿರು ಗಳವನ್ನು ಒಳಗೆ ಎಳೆದುಕೊಳ್ಳುವವರೆಗೂ ಕಾಯುವರು. ಮಗಳಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಅದನ್ನು ಒಮ್ಮೆ ಮಾತಿನ ಮಧ್ಯೆ ಹೇಳಿದ್ದೆ, ಅಷ್ಟೇ. ಮಾರನೇ ದಿನದಿಂದ ಆಟದ ಮೈದಾನದಾಚೆ ಇರುವ ಡಬ್ಬಕ್ಕೇ ಹೋಗುತ್ತಿದ್ದರು. ಅವರಿಗೆ ಮಂಡಿ ನೋವು. ಆ ಡಬ್ಬ ದೂರ.

2021ರ ಮೇನಲ್ಲಿ ನಮ್ಮಪ್ಪ ಊರಲ್ಲಿ ತೀರಿಕೊಂಡರು. ಆ ಎರಡನೇ ಅಲೆಯ ದಿನಗಳು ನಿಮಗೆಲ್ಲ ನೆನಪಿವೆ. ಯಾರ ಮನೆಯಲ್ಲಿ ಏನು ಸುದ್ದಿ ಬರುತ್ತದೋ ಅಂತ ಫೋನ್ ಕಂಡರೆ ಹೆದರಿಕೆ. ನಾನು ಹೋಗಲಾಗಲಿಲ್ಲ. ತಿಥಿಯನ್ನು ವಿಡಿಯೋದಲ್ಲಿ ನೋಡಿದೆ. ನಡುವೆ ಎರಡು ಸಲ ನೆಟ್ ಹೋಯಿತು. ಆಗಸ್ಟ್‌ನಲ್ಲಿ ಆಂಟಿ ಬಾಗಿಲು ಬಡಿದಾಗ, ಬಟ್ಟೆ ವಿಷಯ ಅಂದುಕೊಂಡು ಕಿಟಕಿ ಕಡೆ ಓಡಿದೆ. ಅವರು ಬಂದಿದ್ದು ಅದಕ್ಕಲ್ಲ. ಅಪ್ಪನ ಹೆಸರು ಕೇಳಿದರು. ಒಂದು ಚೀಟಿಯಲ್ಲಿ ಬರೆಸಿಕೊಂಡರು. ಕೈಯಲ್ಲಿ ಒಂದು ಕಾಗದದ ಶರ್ಟಿತ್ತು. "ನಿಮ್ಮ ಅಪ್ಪನಿಗೆ ಸರಿ ಹೋಗುತ್ತಾ?" ಅಂದರು. ನಮ್ಮಪ್ಪ ಹುಟ್ಟಾ ಪಂಚೆಯವರು. ಮಗನ ಮದುವೆಯಲ್ಲೂ ಪ್ಯಾಂಟ್ ಹಾಕಿದವರಲ್ಲ. ಆದರೂ ಸರಿ ಹೋಗುತ್ತೆ ಅಂದೆ. ಇಬ್ಬರೂ ಕೆಳಗೆ ಹೋಗಿ ಸುಟ್ಟೆವು. ಅಪ್ಪನಿಗೆ ನನ್ನ ಕೈಯಾರೆ ಏನಾದರೂ ಮಾಡಿದ್ದು ಅಂದರೆ ಅದೊಂದೇ.

ಇಷ್ಟೆಲ್ಲ ಆದಮೇಲೂ ನಾನು ಸಹಿ ಹಾಕಿದೆ ನೋಡಿ. ಅದಕ್ಕೇ ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಲು ನನಗೆ ಬಾಯಿಲ್ಲ. ಆದರೆ ಕೇಳಬೇಕಾದ್ದನ್ನು ಕೇಳುತ್ತೇನೆ.

2011ರ ಕರಿ, ಅಂದರೆ ಮಸಾಲೆ ಸಾರಿನ, ಕತೆ ನಮ್ಮ ಗುಂಪಿನಲ್ಲೇ ವರ್ಷಕ್ಕೊಮ್ಮೆ ತಿರುಗುತ್ತದೆ. ಚೀನಾದಿಂದ ಹೊಸದಾಗಿ ಬಂದಿದ್ದ ಒಂದು ಕುಟುಂಬ, ಪಕ್ಕದ ಭಾರತೀಯರ ಮನೆಯ ಸಾರಿನ ವಾಸನೆ ತಡೆಯಲಾಗದು ಅಂತ ದೂರಿತ್ತು. ಸಂಧಾನ ನಡೆದು, ಅವರು ಮನೆಯಲ್ಲಿ ಇಲ್ಲದಾಗ ಮಾತ್ರ ಕರಿ ಮಾಡುವುದೆಂದು ಒಪ್ಪಂದವಾಗಿತ್ತು. ಇದು ಹಳೆಯ ಪ್ರಕರಣ, ಪತ್ರಿಕೆಯಲ್ಲಿ ಬಂದಿದ್ದು 2011ರಲ್ಲಿ. ಓದಿದ ಸಿಂಗಪುರದವರು ಸಿಡಿದೆದ್ದರು. ಆಗಸ್ಟ್ 21ರ ಭಾನುವಾರ ಎಲ್ಲರೂ ಕರಿ ಮಾಡಿ ಹಂಚೋಣ ಅಂತ ಕರೆ ಕೊಟ್ಟರು. ಸಾವಿರಾರು ಜನ ಕೈಜೋಡಿಸಿದರು. ಚೀನೀಯರ ಮನೆ, ಮಲಯರ ಮನೆ, ಯುರೇಷಿಯನ್ನರ ಮನೆ, ಎಲ್ಲ ಕಡೆ ಕರಿ ಕುದಿಯಿತು. ಈ ಕತೆಯನ್ನು ನಾವು ಎಷ್ಟು ಹೆಮ್ಮೆಯಿಂದ ಹೇಳುತ್ತೇವೆ, ಅಲ್ವಾ? ನೋಡಿ, ನಮ್ಮ ಸಾರಿಗೆ ದೇಶವೇ ನಿಂತಿತು ಅಂತ.

ನಮ್ಮ ದೂರನ್ನು ಈಗ ಆ ಕತೆಯ ಪಕ್ಕ ಇಟ್ಟು ಓದಿ. ಹೊಸದಾಗಿ ಬಂದವರು, ಹಳಬರ ಮನೆಯಿಂದ ಬರುವ ಗಾಳಿ ನಮಗೆ ಆಗದು ಅನ್ನುತ್ತಿದ್ದಾರೆ. ಅವತ್ತು ಸಾರು, ಇವತ್ತು ಹೊಗೆ. ಆ ಕತೆಯಲ್ಲಿ ನಾವು ಈಗ ಯಾವ ಮನೆಯವರು?

ಹೊಗೆಯನ್ನೂ ಸಾರಿನ ವಾಸನೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ, ಹೊಗೆ ಆರೋಗ್ಯದ ವಿಷಯ ಅಂತ ಗುಂಪಿನಲ್ಲಿ ಒಬ್ಬರು ಅಂದರು. ಒಪ್ಪುತ್ತೇನೆ. ಉಬ್ಬಸದ ಮಗುವಿನ ತಾಯಿ ನಾನು. ಆದರೆ ನಾವು ಕೇಳಿದ್ದು ಏನು? ಇನ್ನೆರಡು ಡಬ್ಬ ಇಡಿ ಅಂತ ಅಲ್ಲ, ಡಬ್ಬವನ್ನು ಕಿಟಕಿಗಳಿಂದ ದೂರ ಸರಿಸಿ ಅಂತಲೂ ಅಲ್ಲ. ಪೂರ್ತಿ ನಿಲ್ಲಿಸಿ ಅಂತ. ಜೊತೆಗೆ ಮದುವೆ, ಸಾವು ಎರಡನ್ನೂ ಸೇರಿಸಿದೆವು. ಸಾವಿನ ಕಾರ್ಯಕ್ಕೆ ಯಾವ ಕೆಮ್ಮು ಬರುತ್ತದೆ? ಎಂಟು-ಹತ್ತು ಲಕ್ಷ ಖರ್ಚು ಮಾಡಿ ಛತ್ರ ಹಿಡಿದು ಮದುವೆ ಮಾಡಿದವರು ನಾವು. ಇಲ್ಲಿ ಮನೆ ಕೆಳಗೇ ಚಪ್ಪರ ಹಾಕಿ, ಅಕ್ಕಪಕ್ಕದವರನ್ನೆಲ್ಲ ಕರೆದು, ಬ್ರಿಯಾನಿ ಬಡಿಸಿ ಮದುವೆ ಮಾಡುವವರನ್ನು ನೋಡಿದರೆ ನಮ್ಮ ಅಜ್ಜಿಯ ಕಾಲದ ಮನೆ ಮುಂದಿನ ಮದುವೆ ನೆನಪಾಗಬೇಕಿತ್ತು. ನಮಗೆ ನೆನಪಾಗಿದ್ದು ಡೆಸಿಬೆಲ್.

ಸದ್ದಿನ ವಿಷಯ ಬಂತು ಅಂತ ಹೇಳುತ್ತೇನೆ. ಹೋದ ವರ್ಷ ನಾವು ಗಣಪತಿ ಕೂರಿಸಿದಾಗ ಭಜನೆ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು. ಯಾರೂ ದೂರಲಿಲ್ಲ. ಮೂರನೇ ಮಹಡಿಯ ಮಲಯ ಮನೆಯ ಅಂಕಲ್ ಬಂದು, ಕುರ್ಚಿ ಜೋಡಿಸಿ ಇಡಲು ಕೈ ಹಾಕಿದರು.

ಪಿತೃಪಕ್ಷದ ಬಗ್ಗೆ ನಾನು ಹೇಳುವುದೇ ಬೇಡ. ಸಾಮಾನ್ಯವಾಗಿ ಏಳನೇ ತಿಂಗಳು ಮುಗಿದ ಸ್ವಲ್ಪ ದಿನಕ್ಕೇ ಅದು ಬರುತ್ತದೆ. ಅವರು ಕಾಗದ ಸುಡುತ್ತಾರೆ, ನಾವು ಎಡೆ ಇಡುತ್ತೇವೆ. ಇಲ್ಲಿ ಕಾಡುಪ್ರಾಣಿ, ಹಕ್ಕಿಗಳಿಗೆ ತಿನ್ನಲು ಹಾಕುವುದು ಅಪರಾಧ, ದಂಡ ಬೀಳುತ್ತದೆ. ಆದರೂ ಮಹಾಲಯ ಅಮಾವಾಸ್ಯೆಯ ದಿನ ಬಾಳೆಲೆ ತುಂಡಿನಲ್ಲಿ ಎಡೆ ಹಿಡಿದುಕೊಂಡು, ಕಾಗೆ ಹುಡುಕುತ್ತಾ ಪಾರ್ಕಿಂಗ್ ಕಟ್ಟಡದ ಮೇಲಿನ ಮಹಡಿ ಹತ್ತಿದವರು ನಮ್ಮ ಗುಂಪಿನಲ್ಲೇ ಇದ್ದಾರೆ. ಆ ಪಟ ನಾವೇ ನೋಡಿ ನಕ್ಕಿದ್ದೇವೆ. ಅದನ್ನು ಇನ್ಯಾರಾದರೂ ಕೆಳಗಿಂದ ನೋಡಿರಲಾರರೇ? ನೋಡಿಯೂ ಸುಮ್ಮನಿದ್ದರು.

ವಾಟರ್‌ಲೂ ಬೀದಿಯ ಕೃಷ್ಣನ ಗುಡಿಗೆ ನಾವೆಲ್ಲ ಹೋಗಿದ್ದೇವೆ. ಪಕ್ಕದಲ್ಲೇ ಕ್ವಾನ್ ಇಮ್ ದೇವಿಯ ಗುಡಿ. ಅಲ್ಲಿಗೆ ಬಂದ ಚೀನೀ ಅಜ್ಜಿಯರು ಕೃಷ್ಣನ ಮುಂದೆಯೂ ನಿಂತು ಊದುಕಡ್ಡಿ ಹಚ್ಚಿ ಕೈಮುಗಿಯುತ್ತಾರೆ. ಅದರ ವಿಡಿಯೋ ನಮ್ಮ ಊರಿನ ಗುಂಪುಗಳಿಗೆಲ್ಲ ಕಳಿಸಿ, "ನೋಡಿ, ನಮ್ಮ ದೇವರಿಗೆ ಎಂಥ ಗೌರವ!" ಅಂತ ಬರೆದೆವು. ಅವರ ಕಡ್ಡಿ ನಮ್ಮ ದೇವರ ಮುಂದೆ ಉರಿದರೆ ಗೌರವ, ಅವರ ಸತ್ತವರ ಮುಂದೆ ಉರಿದರೆ ಹೊಗೆ. ಇದು ಹೇಗೆ?

ನಮಗೂ ನೋವಾಗಿದೆ, ಅದನ್ನು ಮರೆತು ಮಾತಾಡುತ್ತಿಲ್ಲ. ನಾನು ಮೊದಲು ಬಾಡಿಗೆ ಮನೆ ಹುಡುಕುವಾಗ "ಭಾರತೀಯರಿಗೆ ಕೊಡುವುದಿಲ್ಲ" ಅಂತ ಜಾಹೀರಾತಿನಲ್ಲೇ ಬರೆದಿದ್ದನ್ನು ಓದಿದ್ದೇನೆ. ಫೋನಿನಲ್ಲಿ ನನ್ನ ಹೆಸರು ಕೇಳಿದ ಕೂಡಲೇ, "ಹೆವಿ ಕುಕಿಂಗ್ ಮಾಡ್ತೀರಾ?" ಅಂದ ಏಜೆಂಟರು ಎಷ್ಟು ಜನ! ಒಗ್ಗರಣೆ ಹೆವಿಯೋ ಲೈಟೋ ಅಂತ ನಾನು ನಿಜಕ್ಕೂ ಯೋಚಿಸುತ್ತಾ ನಿಂತಿದ್ದೇನೆ. ಶಾಲೆಯಲ್ಲಿ ಮಾತೃಭಾಷೆ ಅಂತ ಒಂದು ವಿಷಯ ಓದಲೇಬೇಕು, ಆದರೆ ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ತಮಿಳು ಇದೆ, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ನನ್ನ ಮಗಳಿಗೆ ಮಾತೃಭಾಷೆಯಲ್ಲಿ ಒಳ್ಳೆ ಅಂಕ ಬರುತ್ತದೆ, ಅದು ಹಿಂದಿಯಲ್ಲಿ. ಇವೆಲ್ಲ ಗಟ್ಟಿಯಾದ ದೂರುಗಳು. ಸಹಿ ಸಂಗ್ರಹಿಸುವುದಿದ್ದರೆ ಇವಕ್ಕೆ ಸಂಗ್ರಹಿಸಬಹುದಿತ್ತು. ಇವತ್ತಿನವರೆಗೆ ಯಾರಾದರೂ ಒಂದು ಕರಡು ಬರೆದಿದ್ದೀವಾ? ಇಲ್ಲ. ಏಜೆಂಟ್ ಎದುರು ಬಾಯಿ ಮುಚ್ಚಿಕೊಂಡೆವು, ಆಂಟಿಯ ಡಬ್ಬದ ಎದುರು ಬಾಯಿ ಬಿಟ್ಟೆವು.

ನಮ್ಮ ಗುಂಪು ಶುರುವಾಗಿದ್ದು ಒಳ್ಳೆಯ ಕಾರಣಕ್ಕೇ. ಮೊದಲ ದಿನ ಬಂದವರಿಗೆ ತೊಗರಿಬೇಳೆ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಬೇಕಲ್ಲ. ಆದರೆ ಬರಬರುತ್ತಾ ಅದು ಗೂಡಾಗಿದೆ. ಇಲ್ಲಿ ಸರ್ಕಾರವೇ ಒಂದೇ ಜನಾಂಗದವರು ಒಂದೇ ಕಡೆ ಗುಂಪುಗಟ್ಟದಂತೆ 1989ರಿಂದ ಸರ್ಕಾರಿ ವಸತಿ ಮಂಡಳಿಯ, ಅಂದರೆ ಎಚ್‌ಡಿಬಿ ಮನೆಗಳಿಗೆ ಮಿತಿ ಇಟ್ಟಿದೆ. ಒಂದು ಬ್ಲಾಕಿನಲ್ಲಿ ಭಾರತೀಯರು ಮತ್ತು 'ಇತರರು' ಸೇರಿ ನೂರಕ್ಕೆ 15 ಮನೆ ದಾಟುವಂತಿಲ್ಲ. ನಾವು ಮೊದಲು ಇಷ್ಟಪಟ್ಟ ಮನೆ ಈ ಕಾರಣಕ್ಕೇ ಕೈತಪ್ಪಿತು. ಅವತ್ತು ಬೈದುಕೊಂಡಿದ್ದೆ. 1964ರ ಜುಲೈ 21ರಂದು ಇಲ್ಲಿ ಮಲಯರಿಗೂ ಚೀನೀಯರಿಗೂ ಗಲಭೆ ಆಗಿ, ಆ ತಿಂಗಳಲ್ಲೇ 23 ಜನ ಸತ್ತರು ಅಂತ ಆಮೇಲೆ ಓದಿದೆ. ಈಗಲೂ ಆ ದಿನವನ್ನು ಶಾಲೆಗಳಲ್ಲಿ ಜನಾಂಗ ಸೌಹಾರ್ದ ದಿನ ಅಂತ ಆಚರಿಸುತ್ತಾರೆ. ಮಕ್ಕಳು ಒಬ್ಬರ ಉಡುಪು ಇನ್ನೊಬ್ಬರು ಹಾಕಿಕೊಂಡು ಹೋಗುತ್ತಾರೆ. ಇಷ್ಟೆಲ್ಲ ಲೆಕ್ಕ ಹಾಕಿ ಬೇರೆ ಬೇರೆ ಜನರನ್ನು ಬಾಗಿಲಿಗೆ ಬಾಗಿಲು ಎದುರಾಗಿ ಇಟ್ಟಿದ್ದಾರೆ. ವಾಟ್ಸಾಪಿಗೆ ಮಾತ್ರ ಕೋಟಾ ಇಲ್ಲ. ನಾವು ಐದು ಬ್ಲಾಕುಗಳಿಂದ ಬಂದು ಅಲ್ಲಿ ಒಂದೇ ಓಣಿ ಕಟ್ಟಿಕೊಂಡೆವು. ಆ ಓಣಿಯಲ್ಲಿ ಎಲ್ಲರೂ "ಇವರು". "ಇವರಿಗೆ ಇದೊಂದು ಹುಚ್ಚು." "ಇವರು ಏನು ಬೇಕಾದರೂ ತಿಂತಾರೆ." ನಾನೂ ನಕ್ಕಿದ್ದೇನೆ.

ಇಲ್ಲೇ ಹುಟ್ಟಿದ ಭಾರತೀಯರ ಜೊತೆಗೂ ಅಷ್ಟೇ. ಹತ್ತನೇ ಮಹಡಿಯ ತಮಿಳು ಅಣ್ಣನನ್ನು ನಮ್ಮಲ್ಲೊಬ್ಬರು "ನೀವು ಚೆನ್ನೈಯವರಾ?" ಅಂತ ಕೇಳಿದರು. ಅವರದ್ದು ಇಲ್ಲಿ ನಾಲ್ಕನೇ ತಲೆಮಾರು. ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿ 1827ರದ್ದು, ಚೈನಾಟೌನ್ ನಡುವೆಯೇ ಇದೆ, ಅದೇ ಸಾಲಿನಲ್ಲಿ ಮಸೀದಿಯೂ ಇದೆ. ಆ ಅಣ್ಣನಂಥವರ ಹಿರಿಯರು ಕೂಲಿ ಮಾಡಿ, ಅವಮಾನ ನುಂಗಿ, ಇಲ್ಲಿ ನಮ್ಮ ಹಬ್ಬಗಳಿಗೆ ಜಾಗ ಮಾಡಿದರು. ದೀಪಾವಳಿಗೆ ರಜೆ ಇರುವುದು ನಾವು ಲ್ಯಾಪ್‌ಟಾಪ್ ಹಿಡಿದು ಬಂದೆವು ಅಂತ ಅಲ್ಲ. ನಾವು ಗಲಾಟೆ ಮಾಡಿದರೆ ಬೈಸಿಕೊಳ್ಳುವವರೂ ಅವರೇ. ನಮ್ಮ ಮುಖ, ಅವರ ಮುಖ ಬೇರೆ ಬೇರೆ ಅಂತ ಇಲ್ಲಿ ಯಾರು ನೋಡುತ್ತಾರೆ?

ನನ್ನ ಕೋರಿಕೆಗೆ ಬರುತ್ತೇನೆ. ನಾನು ನನ್ನ ಹೆಸರನ್ನು ಹಿಂದಕ್ಕೆ ಪಡೆದಿದ್ದೇನೆ. ಸೋಮವಾರವೇ ಟೌನ್ ಕೌನ್ಸಿಲ್‌ಗೆ ಬರೆದೆ. ಉಳಿದ ಹತ್ತು ಮನೆಯವರೂ ಹಾಗೇ ಮಾಡಿ ಅಂತ ಕೇಳುತ್ತೇನೆ. ಹೊಗೆ ನಿಜವಾಗಿ ಕಷ್ಟ ಕೊಡುತ್ತಿರುವ ಮನೆಗಳು ಎರಡಿವೆ, ಅವು ಯಾವುವು ಅಂತ ನಮಗೆಲ್ಲ ಗೊತ್ತು. ಅವರಿಗಾಗಿ ಬೇರೆ ಪತ್ರ ಬರೆಯೋಣ. ಎರಡನೇ ಬ್ಲಾಕಿನ ಡಬ್ಬ ಮಲಗುವ ಕೋಣೆಗಳ ಕಿಟಕಿಗೆ ತೀರಾ ಹತ್ತಿರವಿದೆ, ಅದನ್ನು ಸರಿಸಲಿ. ಡಬ್ಬಗಳು ಸಾಲದೆ ಜನ ಹುಲ್ಲಿನ ಮೇಲೆ ಸುಡುತ್ತಿದ್ದಾರೆ, ಇನ್ನೆರಡು ಇಡಲಿ. ಆ ಪತ್ರಕ್ಕೆ ನಾವಷ್ಟೇ ಸಹಿ ಹಾಕುವುದು ಬೇಡ. ಸುಡುವವರ ಹತ್ತಿರವೂ ಹೋಗಿ ಕೇಳೋಣ. ಬೂದಿ ಅವರ ಬಟ್ಟೆಯ ಮೇಲೂ ಬೀಳುತ್ತದೆ.

ಮದುವೆ-ಸಾವಿನ ಪ್ಯಾರಾವನ್ನು ಸೇರಿಸಿದವರು ದಯವಿಟ್ಟು ಅದನ್ನು ಒಂದು ಸಾಲಿನಲ್ಲಿ ವಾಪಸ್ ತೆಗೆದುಕೊಳ್ಳಿ. ಕಾರಣ ಹೇಳುವುದು ಬೇಡ.

ನಿವಾಸಿಗಳ ಸಮಿತಿಯಲ್ಲಿ ನಮ್ಮವರು ಒಬ್ಬರೂ ಇಲ್ಲ. ಪ್ರತಿ ಸಲ ಕರೆಯುತ್ತಾರೆ, ಪ್ರತಿ ಸಲ ನಮಗೆ ಆಫೀಸಿನ ಕಾಲ್ ಇರುತ್ತದೆ. ಈ ಸಲ ನಾನು ಹೋಗುತ್ತೇನೆ. ಇನ್ನೊಬ್ಬರು ಜೊತೆಗೆ ಬಂದರೆ ಧೈರ್ಯ.

ಇನ್ನು ಗುಂಪಿನ ಅಡ್ಮಿನ್ ಅಣ್ಣನಿಗೆ ಒಂದು ಮಾತು. "ಇವರು" ಅಂತ ಶುರುವಾಗುವ ಜೋಕುಗಳನ್ನು ನೀವು ಅಳಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಎರಡು ದಿನ.

ಇನ್ನೊಂದು ಹೇಳದೆ ಈ ಪತ್ರ ಮುಗಿಸಿದರೆ ಅರ್ಧ ಸುಳ್ಳಾಗುತ್ತದೆ. ಹೆಸರು ವಾಪಸ್ ಪಡೆದ ದಿನ ಸಂಜೆ ನಾನು ಆಂಟಿಯ ಮನೆಗೆ ಹೋಗಿ, ಆ ದೂರಿನಲ್ಲಿ ನನ್ನ ಹೆಸರೂ ಇತ್ತು ಅಂತ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. "ಓ" ಅಂದರು. ಮಗಳು ಹೇಗಿದ್ದಾಳೆ ಅಂತ ಕೇಳಿದರು. ಆಮೇಲೆ ಒಲೆ ಮೇಲೆ ಏನೋ ಇದೆ ಅಂತ ಒಳಗೆ ಹೋದರು.

ನಿನ್ನೆ ಸಂಜೆ ಹೊಗೆಯ ವಾಸನೆ ಬಂತು. ಕಿಟಕಿಯಿಂದ ನೋಡಿದರೆ ಅವರು ಮೈದಾನದಾಚೆಯ ದೂರದ ಡಬ್ಬದ ಹತ್ತಿರವೇ ನಿಂತಿದ್ದರು. ಬಾಗಿಲು ಬಡಿದಿರಲಿಲ್ಲ. ನನ್ನ ಬಟ್ಟೆಯೆಲ್ಲ ಹೊರಗೆ ಗಳದ ಮೇಲೇ ಇತ್ತು.

ಶುಕ್ರವಾರ ರಾತ್ರಿ ಎಂಟಕ್ಕೆ ನಾನು ವಾಯ್ಡ್ ಡೆಕ್‌ನ ಕಲ್ಲಿನ ಮೇಜಿನ ಹತ್ತಿರ ಇರುತ್ತೇನೆ, ಹೊಸ ಪತ್ರದ ಕರಡು ಹಿಡಿದುಕೊಂಡು. ಪೆನ್ನು ನಾನೇ ತರುತ್ತೇನೆ.

ಇಂತಿ,
ನಾಲ್ಕನೇ ಮಹಡಿಯ ನಿಮ್ಮ ತಂಗಿ